ಒಂದು ಯೂನಿಟ್ ಕರೆಂಟು, ಒಂದು ಖಾಲಿ ಡಬ್ಬ

(ಕೋಲಾರದಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ. ವೇದಿಕೆಯ ಮೇಲೆ ಮಾಡಿ ತೋರಿಸಿದ ಪ್ರಯೋಗದ ವಿವರಗಳನ್ನು ಆವರಣಗಳಲ್ಲಿ ಕೊಟ್ಟಿದೆ.)



ದತ್ತಿ ಉಪನ್ಯಾಸಕ್ಕೆ ಬರುವವರು ಸಾಮಾನ್ಯವಾಗಿ ಟಿಪ್ಪಣಿ ಪುಸ್ತಕ ಹಿಡಿದು ಬರುತ್ತಾರೆ. ನಾನು ಗ್ಯಾಸ್ ಒಲೆ ಮತ್ತು ಅಡುಗೆ ಎಣ್ಣೆಯ ಒಂದು ಖಾಲಿ ಡಬ್ಬ ಹಿಡಿದು ಬಂದಿದ್ದೇನೆ. ಬಾಗಿಲಲ್ಲಿ ಒಬ್ಬರು, "ಏನ್ ಸಾರ್, ಊಟದ ವ್ಯವಸ್ಥೆಯೂ ನಿಮ್ಮದೇನಾ?" ಎಂದು ಕೇಳಿದರು. ಊಟವಲ್ಲ, ಬರೀ ನೀರು. 15 ಕಿಲೋ ಎಣ್ಣೆ ಹಿಡಿಯುವ ತಗಡಿನ ಡಬ್ಬ ಇದು. ಸೋಪು ಹಾಕಿ ತೊಳೆದು, ಅರ್ಧ ಲೋಟ ನೀರು ಹಾಕಿದ್ದೇನೆ. ಬಾಯಿ ತೆರೆದೇ ಇದೆ. ಈಗ ಒಲೆ ಹಚ್ಚುತ್ತೇನೆ. ನೀರು ಕಾಯಲಿ, ನಾವು ಮಾತಾಡೋಣ. ಮಕ್ಕಳೇ, ನಿಮಗೊಂದು ಕೆಲಸ: ಡಬ್ಬದ ಕಡೆ ಒಂದು ಕಿವಿ ಇಟ್ಟಿರಿ.

ಸಿಡಿತ ಅಡುಗೆಮನೆಯಿಂದಲೇ

ಒಗ್ಗರಣೆಗೆ ಸಾಸಿವೆ ಹಾಕಿದಾಗ ಚಟಪಟ ಅನ್ನುತ್ತದಲ್ಲ, ಅದು ಸ್ಫೋಟ. ಅಲಂಕಾರಕ್ಕೆ ಹೇಳುತ್ತಿರುವ ಮಾತಲ್ಲ. ಕಾಳಿನೊಳಗೆ ಚೂರು ತೇವ ಇರುತ್ತದೆ. ಎಣ್ಣೆಯ ಕಾವಿಗೆ ಅದು ಆವಿಯಾಗಬೇಕು. ನೀರು ಆವಿಯಾದರೆ ಇದ್ದ ಜಾಗದ ಸುಮಾರು 1,700 ಪಟ್ಟು ಜಾಗ ಕೇಳುತ್ತದೆ. ಸಿಪ್ಪೆ ಬಿಡುವುದಿಲ್ಲ. ಒಳಗೆ ಒತ್ತಡ ಏರುತ್ತದೆ, ಏರುತ್ತದೆ, ಕೊನೆಗೆ ಸಿಪ್ಪೆ ಸೋಲುತ್ತದೆ. ನಾಗರಪಂಚಮಿಗೆ ಉತ್ತರ ಕರ್ನಾಟಕದ ಮನೆಗಳಲ್ಲಿ ಹುರಿಯುವ ಜೋಳದ ಅರಳಿನದೂ ಇದೇ ಕಥೆ. ಪಾಪ್‌ಕಾರ್ನ್ ಕಾಳು ಸುಮಾರು 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಾಯಿ ಬಿಡುತ್ತದೆ; ಆ ಹೊತ್ತಿಗೆ ಅದರೊಳಗಿನ ಒತ್ತಡ ಹೊರಗಿನ ಗಾಳಿಯದಕ್ಕಿಂತ ಎಂಟು ಹತ್ತು ಪಟ್ಟು. ಸಿಪ್ಪೆಯಲ್ಲಿ ಮೊದಲೇ ಬಿರುಕಿದ್ದ ಕಾಳು ಅರಳುವುದೇ ಇಲ್ಲ. ಅದೇ ತೇವ, ಅದೇ ಕಾವು. ಆದರೆ ಆವಿಗೆ ಹೋಗಲು ಸಂದಿ ಸಿಕ್ಕಿತು, ಸುಮ್ಮನೆ ಹೋಯಿತು.

ಕುಕ್ಕರಿನ ವೆಯ್ಟ್ ಮಾಡುವುದೂ ಈ ಸಂದಿಯ ಕೆಲಸವನ್ನೇ. ಒತ್ತಡ ಒಂದು ಮಟ್ಟ ದಾಟಿದರೆ ತಾನೇ ಎದ್ದು ದಾರಿ ಬಿಡುತ್ತದೆ, ಮತ್ತೆ ಕೂರುತ್ತದೆ. ನಾವು ಸೀಟಿ ಎಣಿಸುತ್ತೇವೆ. ಎಣಿಸುವುದು ಆಗದೇ ಹೋದ ಸ್ಫೋಟಗಳನ್ನು.

ಹಾಗಾದರೆ ಸ್ಫೋಟಕ್ಕೆ ಬೇಕಾದ್ದು ಏನು? ಬಹಳ ಜನ "ತುಂಬಾ ಶಕ್ತಿ ಬೇಕು" ಎನ್ನುತ್ತಾರೆ. ಲೆಕ್ಕ ಹಾಕೋಣ. ಟಿಎನ್‌ಟಿ ಎಂಬ ಸ್ಫೋಟಕ ಒಂದು ಕಿಲೋ ಸಿಡಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 1,000 ಕಿಲೋ ಕ್ಯಾಲೊರಿ. ಒಂದು ಕಿಲೋ ತುಪ್ಪ ಉರಿದರೆ ಬರುವುದು ಸುಮಾರು 9,000. ಹೌದು, ತುಪ್ಪದ ಡಬ್ಬಿಯಲ್ಲಿ ಅಷ್ಟೇ ತೂಕದ ಟಿಎನ್‌ಟಿಯ ಒಂಬತ್ತು ಪಟ್ಟು ಶಕ್ತಿ ಇದೆ. ಇನ್ನೊಂದು ಹೋಲಿಕೆ ಬೇಕೇ? ಆ ಟಿಎನ್‌ಟಿಯ ಶಕ್ತಿಯನ್ನು ಕರೆಂಟ್ ಬಿಲ್ಲಿನ ಭಾಷೆಗೆ ತಿರುಗಿಸಿದರೆ ಒಂದು ಯೂನಿಟ್‌ಗಿಂತ ತುಸು ಹೆಚ್ಚು, ಅಷ್ಟೆ. ನಿಮ್ಮ ಮನೆಯ ಗೀಸರ್ ಅರ್ಧ ಗಂಟೆಯಲ್ಲಿ ಸದ್ದಿಲ್ಲದೆ ಅಷ್ಟನ್ನು ಮುಗಿಸುತ್ತದೆ.

ವ್ಯತ್ಯಾಸ ಇರುವುದು ಕಾಲದಲ್ಲಿ. ಟಿಎನ್‌ಟಿಯೊಳಗೆ ಸಿಡಿತ ಹರಡುವ ವೇಗ ಸೆಕೆಂಡಿಗೆ ಸುಮಾರು 6,900 ಮೀಟರ್. ಒಂದು ಕಿಲೋದ ಗಡ್ಡೆ ಹತ್ತು ಸೆಂಟಿಮೀಟರ್ ಅಗಲವೂ ಇರುವುದಿಲ್ಲ. ಈ ಕೊನೆಯಿಂದ ಆ ಕೊನೆಗೆ ಸಿಡಿತ ತಲುಪಲು ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಹನ್ನೆರಡು ಹದಿಮೂರು ಭಾಗ ಸಾಕು. ಅಷ್ಟು ಕಾಲದಲ್ಲಿ ಅಷ್ಟು ಶಕ್ತಿ ಎಂದರೆ 300 ಗಿಗಾವಾಟ್ ದಾಟುತ್ತದೆ. 2024ರ ಮೇ ತಿಂಗಳ ಸುಡುಬೇಸಿಗೆಯಲ್ಲಿ ಇಡೀ ಭಾರತದ ವಿದ್ಯುತ್ ಬೇಡಿಕೆ ದಾಖಲೆ ಮುಟ್ಟಿತಲ್ಲ, ಅದು ಸುಮಾರು 250. ದೇಶದ ಎಲ್ಲ ಪಂಪ್‌ಸೆಟ್ಟು, ಎಲ್ಲ ಏಸಿ, ಎಲ್ಲ ಕಾರ್ಖಾನೆಗಳನ್ನು ಮೀರಿಸಿದ ಆ ಗಡ್ಡೆ, ಅಂಗೈ ಅಗಲದ್ದು. ಕಣ್ಣುರೆಪ್ಪೆ ಬಡಿಯುವಷ್ಟು ಕಾಲವೂ ಅದಕ್ಕೆ ಬೇಕಾಗಲಿಲ್ಲ. ಖರ್ಚಾದದ್ದು ಮಾತ್ರ ಒಂದು ಯೂನಿಟ್.

ತುಪ್ಪಕ್ಕೆ ಈ ಅವಸರ ಇಲ್ಲ, ಏಕೆಂದರೆ ಅದು ಉರಿಯಲು ಗಾಳಿಯಿಂದ ಆಮ್ಲಜನಕ ಸಾಲ ತರಬೇಕು. ಬತ್ತಿಯ ತುದಿಯಲ್ಲಿ, ಹನಿಹನಿಯಾಗಿ. ಸ್ಫೋಟಕದ ಅಣುವಿನಲ್ಲಿ ಉರಿಯುವ ಭಾಗವೂ ಆಮ್ಲಜನಕವೂ ಒಂದೇ ಮನೆಯಲ್ಲಿ ಕೂತಿರುತ್ತವೆ. ಸಾಲ ಕೇಳುವ ಮಾತೇ ಇಲ್ಲ. ಉರಿಯುವ ವಸ್ತುವನ್ನು ಪುಡಿಮಾಡಿ ಗಾಳಿಯಲ್ಲಿ ತೂರಿದರೆ ಸಾಲವೂ ಬೇಗ ಸಿಗುತ್ತದೆ. 1878ರ ಮೇ 2ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಗೋಧಿ ಹಿಟ್ಟಿನ ದೊಡ್ಡ ಗಿರಣಿಯೊಂದು ಸಿಡಿದು 18 ಜನ ಸತ್ತರು. ಸಿಡಿದದ್ದು ಗಾಳಿಯಲ್ಲಿ ತೇಲುತ್ತಿದ್ದ ಹಿಟ್ಟು. ಮೂಟೆಯಲ್ಲಿದ್ದಾಗ ಅದೇ ಹಿಟ್ಟು ಸಾಧು.

ಸುದ್ದಿಗಿಂತ ಮುಂಚೆ ಬಂದವನು

ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಶಬ್ದ ಎಂದರೆ ಒಂದು ರೀತಿಯ ಸುದ್ದಿ: "ಇಲ್ಲಿ ನೂಕಾಟ ಇದೆ, ಸರಿಯಿರಿ" ಎಂದು ಒಂದು ಅಣು ಪಕ್ಕದ ಅಣುವಿಗೆ ತಲುಪಿಸುವ ಸುದ್ದಿ. ಜಾತ್ರೆಯಲ್ಲಿ ತೇರು ನಿಧಾನ ಬಂದರೆ ಜನ ಮೊದಲೇ ಸರಿದು ದಾರಿ ಬಿಡುತ್ತಾರೆ. ಸುದ್ದಿಗಿಂತ ಜೋರಾಗಿ ತೇರೇ ಬಂದುಬಿಟ್ಟರೆ? ಸರಿಯಲು ಯಾರಿಗೂ ಹೊತ್ತಿಲ್ಲ. ಮೈಮೇಲೆ ಮೈ ಬಿದ್ದು ಒಂದು ಗೋಡೆಯೇ ಆಗುತ್ತದೆ. ಶಬ್ದದ ವೇಗ ಮೀರಿ ಹಿಗ್ಗುವ ಅನಿಲದ ಮುಂದೆ ಗಾಳಿಗೆ ಆಗುವುದು ಇದೇ. ಆ ಗೋಡೆಗೆ ಆಘಾತ ತರಂಗ ಎಂದು ಹೆಸರು.

ಕರಿಮದ್ದು ಸಾಮಾನ್ಯವಾಗಿ ಈ ವೇಗ ಮುಟ್ಟುವುದಿಲ್ಲ. ಅದು ಬಹು ಬೇಗ ಉರಿಯುತ್ತದೆ, ಅಷ್ಟೆ. ಆದ್ದರಿಂದಲೇ ಅದಕ್ಕೆ ಕೊಳವೆ ಕಟ್ಟಿ, ಒಂದು ಕಡೆ ಬಾಗಿಲು ಬಿಟ್ಟು, ಓಡಿಸಲು ಸಾಧ್ಯವಾಯಿತು. ಹೈದರ್ ಮತ್ತು ಟಿಪ್ಪುವಿನ ಕಾಲದ ಮೈಸೂರು ರಾಕೆಟ್ಟಿನ ಕೊಳವೆ ಕಬ್ಬಿಣದ್ದು. ಕಾಗದದ ಕೊಳವೆ ಒಡೆಯುವಷ್ಟು ಒತ್ತಡವನ್ನು ಅದು ತಡೆದುಕೊಂಡಿತು, ಅದರಿಂದ ದೂರ ಹೋಯಿತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಹಾಳುಬಾವಿಯೊಂದರಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಕೊಳವೆಗಳು ಸಿಕ್ಕವು. ರಾಕೆಟ್ ಎಂದರೆ ಬಾಗಿಲಿರುವ ಸ್ಫೋಟ.

ಇನ್ನು, ಪ್ರತಿ ಸ್ಫೋಟದ ಬೆನ್ನಿಗೂ ಅದರ ವಿರುದ್ಧದ್ದೂ ಅಂಟಿಕೊಂಡೇ ಬರುತ್ತದೆ. ಆಘಾತ ತರಂಗ ಗಾಳಿಯನ್ನು ಹೊರಕ್ಕೆ ನೂಕಿಕೊಂಡು ಹೋದಮೇಲೆ ಅದರ ಹಿಂದೆ ಒತ್ತಡ ಮಾಮೂಲಿಗಿಂತ ಕೆಳಗಿಳಿಯುತ್ತದೆ, ಗಾಳಿ ವಾಪಸ್ ನುಗ್ಗುತ್ತದೆ. ಸ್ಫೋಟವಾದ ಬೀದಿಯಲ್ಲಿ ಕೆಲವು ಕಿಟಕಿಗಳ ಗಾಜು ಮನೆಯೊಳಗೆ ಬೀಳದೆ ಬೀದಿಗೆ ಬಿದ್ದಿರುವುದುಂಟು. 2020ರ ಆಗಸ್ಟ್ 4ರಂದು ಬೈರೂತ್ ಬಂದರಿನಲ್ಲಿ ಸುಮಾರು 2,750 ಟನ್ ಅಮೋನಿಯಂ ನೈಟ್ರೇಟ್ ದಾಸ್ತಾನು ಸಿಡಿದದ್ದನ್ನು ನಾವೆಲ್ಲ ಮೊಬೈಲಿನಲ್ಲಿ ನೋಡಿದೆವು. ಕಣ್ಣೆದುರೇ ಉಬ್ಬಿ ಮಾಯವಾದ ಆ ಬಿಳಿ ಗುಮ್ಮಟ ಹೊಗೆಯಲ್ಲ. ಒತ್ತಡ ಬಿದ್ದ ಜಾಗದಲ್ಲಿ ಗಾಳಿ ತಣಿದು, ಕಡಲ ತೇವ ಒಂದು ಕ್ಷಣ ಮೋಡವಾಗಿತ್ತು.

ನೀರು ಹಾಡುತ್ತಿದೆ

(ಈ ಹೊತ್ತಿಗೆ ಡಬ್ಬದಿಂದ ಗುಂಯ್‌ಗುಟ್ಟುವ ಸದ್ದು. ಮೈಕನ್ನು ಹತ್ತಿರ ಹಿಡಿಯಲಾಯಿತು.)

ಕೇಳಿಸಿತೇ? ಇನ್ನೂ ಕುದಿ ಬಂದಿಲ್ಲ, ಆದರೆ ನೀರು ಹಾಡುತ್ತಿದೆ. ಕುದಿ ಬಂದಮೇಲೆ ಈ ಸದ್ದು ತಗ್ಗುತ್ತದೆ. ದಿನವೂ ಕಾಫಿಗೆ ನೀರಿಡುವವರಿಗೆ ಇದು ಗೊತ್ತು. ತಳದ ಬಿಸಿ ತಗಡಿನ ಮೇಲೆ ಆವಿಯ ಗುಳ್ಳೆ ಹುಟ್ಟುತ್ತದೆ, ಮೇಲೇಳುತ್ತದೆ, ಮೇಲಿನ ನೀರು ಇನ್ನೂ ಅಷ್ಟು ಕಾದಿಲ್ಲ. ತಣ್ಣನೆ ತಾಗಿದ್ದೇ ತಡ, ಆವಿ ಮತ್ತೆ ನೀರಾಗುತ್ತದೆ. 1,700 ಪಾಲು ಜಾಗ ಒಂದು ಪಾಲಿಗೆ ಇಳಿಯುತ್ತದೆ. ಸುತ್ತಲಿನ ನೀರು ಆ ಖಾಲಿಗೆ ನುಗ್ಗಿ ಡಿಕ್ಕಿ ಹೊಡೆಯುತ್ತದೆ. ನೀವು ಕೇಳಿದ್ದು ಸಾವಿರಾರು ಗುಳ್ಳೆಗಳು ಒಳಕ್ಕೆ ಕುಸಿದ ಸದ್ದು. ಪಠ್ಯಪುಸ್ತಕ ಇದನ್ನು ಅಂತಃಸ್ಫೋಟ ಎನ್ನುತ್ತದೆ. ನನ್ನ ಬಾಯಿಗೆ ಒಳಕುಸಿತ ಎಂಬ ಮಾತು ಸುಲಭ.

ಇಷ್ಟು ಸಣ್ಣ ಗುಳ್ಳೆ ಏನು ಮಾಡೀತು ಎಂದು ತಾತ್ಸಾರ ಬೇಡ. ಹಡಗಿನ ಪ್ರೊಪೆಲರ್ ಜೋರಾಗಿ ತಿರುಗಿದರೆ ನೀರಿನಲ್ಲಿ ಇಂಥ ಗುಳ್ಳೆಗಳು ಹುಟ್ಟಿ ಸಾಯುತ್ತವೆ. ಗಟ್ಟಿ ಲೋಹದ ಮೇಲೆ ಸಿಡುಬಿನ ಕಲೆಯಂಥ ಗುಳಿಗಳು ಬೀಳುತ್ತವೆ. ಪಂಪು, ಟರ್ಬೈನು ರಿಪೇರಿ ಮಾಡುವವರಿಗೆ ಈ ಗುಳಿ ಪರಿಚಯ. ಇಂಗ್ಲೆಂಡಿನ ಲಾರ್ಡ್ ರ‍್ಯಾಲೆ 1917ರಲ್ಲಿ ಇದಕ್ಕೆ ಲೆಕ್ಕ ಕೊಟ್ಟರು. ಗುಳ್ಳೆ ಕುಗ್ಗಿದಷ್ಟೂ ನುಗ್ಗುವ ನೀರಿನ ವೇಗ ಏರುತ್ತದೆ, ಏಕೆಂದರೆ ಅಗಲ ಜಾಗದಿಂದ ಬಂದ ಶಕ್ತಿಯೆಲ್ಲ ಒಂದೇ ಬಿಂದುವಿನ ಕಡೆ ಸೇರುತ್ತಿದೆ.

ಸಿಡಿತಕ್ಕೂ ಒಳಕುಸಿತಕ್ಕೂ ಇರುವ ನಿಜವಾದ ವ್ಯತ್ಯಾಸ ಇಲ್ಲಿದೆ. ಸಿಡಿತ ಹೊರಟ ಜಾಗದಿಂದ ದೂರ ಹೋದಷ್ಟೂ ಹರಡುತ್ತದೆ, ತೆಳುವಾಗುತ್ತದೆ, ಕೊನೆಗೆ ಬರೀ ಸದ್ದಾಗಿ ಸೋಲುತ್ತದೆ. ಒಳಕುಸಿತ ಹೋದಷ್ಟೂ ಹರಿತವಾಗುತ್ತದೆ. ಬೆಚ್ಚನೆಯ ಕಡಲುಗಳಲ್ಲಿ ಬೆರಳುದ್ದದ ಒಂದು ಸೀಗಡಿ ಇದೆ. ಅದರ ಒಂದು ಇಕ್ಕಳ ಮಾತ್ರ ದಪ್ಪ. ಅದನ್ನು ಫಟ್ಟನೆ ಮುಚ್ಚಿದರೆ ನೀರಿನ ಚಿಮ್ಮು ಹೊರಟು, ಅದರಲ್ಲೊಂದು ಗುಳ್ಳೆ ಹುಟ್ಟಿ ಕುಸಿಯುತ್ತದೆ. ಸದ್ದು ಇಕ್ಕಳ ಬಡಿದದ್ದಲ್ಲ, ಗುಳ್ಳೆ ಕುಸಿದದ್ದು ಎಂದು 2000ದಲ್ಲಿ ಅತಿವೇಗದ ಕ್ಯಾಮೆರಾ ತೋರಿಸಿತು. ಮರುವರ್ಷ ಅದರಲ್ಲಿ ಬೆಳಕಿನ ಒಂದು ಮಿಣುಕೂ ಕಂಡಿತು. ಕುಸಿಯುವ ಗುಳ್ಳೆಯೊಳಗೆ ಕನಿಷ್ಠ 5,000 ಕೆಲ್ವಿನ್ ಉಷ್ಣಾಂಶ. ಬರೀ ಕಡಲ ನೀರು, ಬೆರಳುದ್ದದ ಜೀವ, ಸೂರ್ಯನ ಮೇಲ್ಮೈಗೆ ಸಮೀಪದ ಕಾವು!

ಡಬ್ಬ

(ನೀರು ಕುದಿದು ಬಾಯಿಯಿಂದ ಆವಿ ಜೋರಾಗಿ ಬರುತ್ತಿತ್ತು.)

ಈಗ ಕ್ರಮ ಗಮನಿಸಿ. ಮೊದಲು ಒಲೆ ಆರಿಸುತ್ತೇನೆ. ಆಮೇಲೆ ಬಟ್ಟೆ ಹಿಡಿದು ಬಿರಡೆ ಬಿಗಿಯುತ್ತೇನೆ. ಈ ಕ್ರಮ ತಪ್ಪಿದರೆ ನಾನು ಇವತ್ತಿನ ವಿಷಯದ ಮೊದಲರ್ಧಕ್ಕೆ ಉದಾಹರಣೆ ಆಗುತ್ತೇನೆ. ಮಕ್ಕಳೇ, ಮನೆಯಲ್ಲಿ ಮಾಡುವುದು ಬೇಡ, ನಿಮ್ಮ ಮೇಷ್ಟರ ಕೈಲಿ ಮಾಡಿಸಿ.

ಇದು ತಣಿಯುವವರೆಗೆ 1657ಕ್ಕೆ ಹೋಗಿಬರೋಣ. ಜರ್ಮನಿಯ ಮ್ಯಾಗ್ಡೆಬರ್ಗ್ ಊರಿನ ಮೇಯರ್ ಆಟೊ ಫಾನ್ ಗೆರಿಕೆ. ಗಾಳಿ ಎಳೆಯುವ ಪಂಪು ಕಟ್ಟಿದವನು. ತಾಮ್ರದ ಎರಡು ಅರ್ಧಗೋಳಗಳನ್ನು ಬಾಯಿಗೆ ಬಾಯಿ ಸೇರಿಸಿ, ಒಳಗಿನ ಗಾಳಿ ತೆಗೆದು, ಈಚೆ ಎಂಟು ಆಚೆ ಎಂಟು ಕುದುರೆ ಕಟ್ಟಿ ಎಳೆಸಿದ. ಗೋಳ ಸುಲಭಕ್ಕೆ ಬಿಡಲಿಲ್ಲ. ಅದಕ್ಕೂ ಮುಂಚೆ ಅವನ ಒಂದು ತಾಮ್ರದ ಗೋಳ, ಗಾಳಿ ಎಳೆಯುತ್ತಿದ್ದಂತೆ ದಢಾರನೆ ಮುದ್ದೆಯಾಗಿ ಕೂಡಿದ್ದವರನ್ನು ಬೆಚ್ಚಿಬೀಳಿಸಿತ್ತು. ಆ ಕಾಲದ ಎಷ್ಟೋ ಪಂಡಿತರು ಖಾಲಿ ಎಳೆಯುತ್ತದೆ ಎಂದುಕೊಂಡಿದ್ದರು. ಖಾಲಿಗೆ ಎಳೆಯಲು ಕೈ ಎಲ್ಲಿದೆ? ಹೊರಗಿನ ಗಾಳಿ...

(ಇಲ್ಲಿ "ಟಣ್" ಎಂಬ ಸದ್ದು. ಡಬ್ಬದ ಒಂದು ಪಕ್ಕ ಒಳಕ್ಕೆ ಹೋಯಿತು. ಹಿಂದೆಯೇ ಉಳಿದ ಪಕ್ಕಗಳೂ ಮಡಿಚಿಕೊಂಡವು. ಮುಂದಿನ ಸಾಲಿನಲ್ಲಿ ಕೂಗು, ಚಪ್ಪಾಳೆ.)

...ಹೊರಗಿನ ಗಾಳಿ ನೂಕುತ್ತದೆ. ನನ್ನ ವಾಕ್ಯವನ್ನು ಡಬ್ಬವೇ ಮುಗಿಸಿತು. ಒಳಗಿದ್ದ ಆವಿ ನೀರಾಯಿತು, ಒಳಗಿನಿಂದ ತಡೆಯುವವರು ಇಲ್ಲವಾದರು. ಈ ಡಬ್ಬದ ಒಂದೊಂದು ಪಕ್ಕದ ಮೇಲೂ ನಮ್ಮ ಕೋಲಾರದ ಎತ್ತರದಲ್ಲಿ ಗಾಳಿ ಹೊರಿಸುವ ಭಾರ ಸುಮಾರು ಏಳು ಕ್ವಿಂಟಲ್. ನಮ್ಮ ಎಪಿಎಂಸಿಯ 15 ಕಿಲೋ ಟೊಮ್ಯಾಟೊ ಬಾಕ್ಸುಗಳನ್ನು ನಲವತ್ತಾರು ನಲವತ್ತೇಳು ಪೇರಿಸಿದ ಹಾಗೆ. ಬೆಳಿಗ್ಗೆಯಿಂದಲೂ ಆ ಭಾರ ಅಲ್ಲೇ ಇತ್ತು. ಒಳಗಿನ ಗಾಳಿ ಅಷ್ಟೇ ಬಲದಿಂದ ಎದುರು ನಿಂತಿತ್ತು, ಅದರಿಂದ ಕಾಣಲಿಲ್ಲ.

ಡಬ್ಬ ಹೇಗೆ ನೆಗ್ಗಿದೆ ನೋಡಿ. ಎಲ್ಲ ಕಡೆಯಿಂದ ಸಮನಾಗಿ ಕುಗ್ಗಿಲ್ಲ. ಎಲ್ಲಿ ಮೊದಲೇ ಸಣ್ಣ ತಗ್ಗಿತ್ತೋ ಅಲ್ಲಿಂದ ಶುರು. ತಗ್ಗು ಆಳವಾಯಿತು, ಆಳವಾದದ್ದು ಮತ್ತೂ ಸೋತಿತು. ಒಳಕುಸಿತ ದೋಷವನ್ನು ಬೆಳೆಸುತ್ತದೆ. 1944-45ರಲ್ಲಿ ಅಮೆರಿಕದ ಲಾಸ್ ಅಲಮೊಸ್‌ನ ಅಣುಬಾಂಬ್ ವಿಜ್ಞಾನಿಗಳ ತಲೆ ತಿಂದದ್ದು ಇದೇ ಡಬ್ಬದ ಸಮಸ್ಯೆ. ಪ್ಲುಟೋನಿಯಂ ಉಂಡೆಯನ್ನು ಸುತ್ತಲಿಂದ ಅದುಮಿ ಚಿಕ್ಕದು ಮಾಡಬೇಕು, ಅದೂ ದುಂಡಗೇ ಉಳಿಯಬೇಕು. ಒಂದು ಕಡೆ ಸ್ವಲ್ಪ ಬೇಗ, ಇನ್ನೊಂದು ಕಡೆ ಸ್ವಲ್ಪ ತಡವಾದರೂ ಉಂಡೆ ನಮ್ಮ ಡಬ್ಬದಂತೆ ಸೊಟ್ಟಗಾಗುತ್ತದೆ. ಸುತ್ತ 32 ಸ್ಫೋಟಕ ಮಸೂರಗಳನ್ನು ಜೋಡಿಸಿ ಅವರು ಅದನ್ನು ಸಾಧಿಸಿದರು. 1945ರ ಜುಲೈ 16ರ ಬೆಳಗಿನ ಜಾವ, ನ್ಯೂ ಮೆಕ್ಸಿಕೊ ಮರುಭೂಮಿಯ ಟ್ರಿನಿಟಿ ಪರೀಕ್ಷೆ. ಜಗತ್ತು ಅದುವರೆಗೆ ಕಾಣದ ಸ್ಫೋಟ ಎಂದು ನಾವು ಓದಿದ್ದೇವೆ. ಅದರ ಮೊದಲ ಹೆಜ್ಜೆ ಒಳಮುಖ.

ಆ ಸ್ಫೋಟದ ಬಲವನ್ನು ಅಮೆರಿಕ ಗುಟ್ಟಾಗಿಟ್ಟಿತ್ತು, ಫೋಟೊಗಳನ್ನು ಮಾತ್ರ ಬಿಟ್ಟಿತು. ಫೋಟೊದಲ್ಲಿ ಬೆಂಕಿಗೋಳದ ಅಳತೆಯೂ ಕಾಲವೂ ನಮೂದಾಗಿದ್ದವು. ಇಂಗ್ಲೆಂಡಿನ ಜಿ. ಐ. ಟೇಲರ್ ಅಷ್ಟರಿಂದಲೇ ಗುಟ್ಟು ಒಡೆದರು. 1950ರಲ್ಲಿ ಅವರ ಲೇಖನ ಪ್ರಕಟವಾಯಿತು. ಲೆಕ್ಕದ ತಿರುಳು ಇಷ್ಟು: ಗೋಳದ ತ್ರಿಜ್ಯದ ಐದನೇ ಘಾತವನ್ನು ಗಾಳಿಯ ಸಾಂದ್ರತೆಯಿಂದ ಗುಣಿಸಿ, ಕಾಲದ ವರ್ಗದಿಂದ ಭಾಗಿಸಿ. 0.025 ಸೆಕೆಂಡಿಗೆ ತ್ರಿಜ್ಯ ಸುಮಾರು 140 ಮೀಟರ್. ಪಿಯುಸಿ ಹುಡುಗಿಯೊಬ್ಬಳು ಹಾಳೆಯ ಹಿಂಬದಿಯಲ್ಲಿ ಗುಣಿಸಿದರೆ ಸುಮಾರು 25 ಕಿಲೋಟನ್ ಟಿಎನ್‌ಟಿ ಬರುತ್ತದೆ. ಇಂದು ಒಪ್ಪಿರುವ ಅಂಕಿಯೂ ಅದರ ಹತ್ತಿರವೇ ಇದೆ. ಭೌತವಿಜ್ಞಾನದ ಮುಂದೆ ಸರ್ಕಾರದ ಗುಟ್ಟು ಬಹಳ ದಿನ ನಿಲ್ಲುವುದಿಲ್ಲ.

ವೇಳಾಪಟ್ಟಿ ಇಲ್ಲದ ಸದ್ದು

ಲಾಸ್ ಅಲಮೊಸ್ ದೂರವಾಯಿತು. ಈ ಸಭಾಂಗಣದಿಂದ ಒಂದು ಗಂಟೆಯೊಳಗೆ ತಲುಪಬಹುದಾದ ಜಾಗಕ್ಕೆ ಬರೋಣ. ಹುಡುಗನಾಗಿದ್ದಾಗ ಬೇಸಿಗೆ ರಜೆಗೆ ಚಿನ್ನದ ಗಣಿಗಳ ಊರಾದ ಕೆಜಿಎಫ್‌ನಲ್ಲಿದ್ದ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಚಿಕ್ಕಪ್ಪನಿಗೆ ಗಣಿಯೊಳಗೆ ಕೆಲಸ. ಒಂದು ಮಧ್ಯಾಹ್ನ ಗೂಡಿನಲ್ಲಿದ್ದ ಸ್ಟೀಲ್ ಲೋಟಗಳು ಗಲಗಲ ಎಂದವು, ಕಾಲಡಿ ನೆಲ ಒಮ್ಮೆ ಜಗ್ಗಿದಂತಾಯಿತು. "ಚಿಕ್ಕಮ್ಮ, ಭೂಕಂಪನಾ?" ಎಂದೆ. "ಇಲ್ಲ ಕಣೋ, ಒಳಗೆ ಬರ್ಸ್ಟ್ ಆಗಿದೆ" ಎಂದವರು ಕೈಯಲ್ಲಿದ್ದ ಮೊರವನ್ನು ಹಾಗೇ ಕೆಳಗಿಟ್ಟು ಬಾಗಿಲಿಗೆ ಹೋಗಿ ನಿಂತರು. ಬೀದಿಯ ಎಲ್ಲ ಬಾಗಿಲಲ್ಲೂ ಹೆಂಗಸರು. ಯಾರೂ ಮಾತಾಡಲಿಲ್ಲ. ಶಿಫ್ಟ್ ಬಿಟ್ಟು ಚಿಕ್ಕಪ್ಪನ ಸೈಕಲ್ ತಿರುವಿನಲ್ಲಿ ಕಾಣುವವರೆಗೆ ಆ ಮೊರ ಅಲ್ಲೇ ಇತ್ತು.

"ಡೈನಮೈಟಾ ಚಿಕ್ಕಪ್ಪ?" ಎಂದು ಕೇಳಿದ್ದಕ್ಕೆ ಅವರು ನಕ್ಕರು. "ಡೈನಮೈಟಿಗೆ ಟೈಮ್ ಇರುತ್ತೆ ಕಣೋ. ಇದಕ್ಕಿಲ್ಲ."

ಅವರ ಮಾತು ಅರ್ಥವಾಗಲು ನನಗೆ ಎಂಎಸ್ಸಿ ಬೇಕಾಯಿತು. ಅಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ಅಷ್ಟು ಕೆಳಗೆ ಮೇಲಿನ ಬಂಡೆಯ ಭಾರ ಒಂದು ಚದರ ಸೆಂಟಿಮೀಟರಿಗೆ ಸುಮಾರು 800 ಕಿಲೋ. ಈ ಡಬ್ಬವನ್ನು ಮುದ್ದೆ ಮಾಡಿದ ಗಾಳಿಯದು ಬರೀ ಒಂದು ಕಿಲೋದ ಒಳಗೆ. ಅಲ್ಲಿ ಕಲ್ಲು ಕಲ್ಲಾಗಿರುವುದಿಲ್ಲ; ಅದುಮಿಟ್ಟ ಸ್ಪ್ರಿಂಗ್ ಆಗಿರುತ್ತದೆ. ಅದುರು ತೆಗೆದು ನಾವು ಖಾಲಿ ಮಾಡಿದ ಜಾಗದ ಭಾರವನ್ನು ಪಕ್ಕದ ಬಂಡೆ ಹೊರಬೇಕು. ಹೊತ್ತಷ್ಟು ದಿನ ಹೊರುತ್ತದೆ. ಒಂದು ದಿನ ಸೋತು, ಸುರಂಗದ ಖಾಲಿಯೊಳಕ್ಕೆ ಚೂರುಚೂರಾಗಿ ನುಗ್ಗುತ್ತದೆ. ಸುರಂಗದಲ್ಲಿ ನಿಂತವನಿಗೆ ಅದು ಸ್ಫೋಟ, ಭೂಮಿಯ ಕಡೆಯಿಂದ ನೋಡಿದರೆ ಒಳಕುಸಿತ. ಒಂದೇ ಘಟನೆಗೆ ಎರಡು ಹೆಸರು, ನೀವು ಗೋಡೆಯ ಯಾವ ಕಡೆ ಇದ್ದೀರಿ ಎನ್ನುವುದರ ಮೇಲೆ. ಇದಕ್ಕೆ ಮದ್ದು ಬೇಡ, ಕಿಡಿ ಬೇಡ. ಒತ್ತಡದ ವ್ಯತ್ಯಾಸ, ಮತ್ತು ಅದನ್ನು ನಿಧಾನವಾಗಿ ಸರಿದೂಗಿಸಲು ಸಿಗದ ಕಾಲ, ಇವೆರಡೇ ಸಾಕು. ಸಾಸಿವೆಯಿಂದ ಇಲ್ಲಿಯವರೆಗೆ ನಾನು ಹೇಳುತ್ತಿರುವುದೂ ಇದೇ.

ಆ ಬಂಡೆಗೆ ಇನ್ನೊಂದು ಮುಖವೂ ಇದೆ. ಗಣಿಗಾರರಿಗೆ ಮೃತ್ಯುವಾಗಿದ್ದ ಅದೇ ಭಾರಕ್ಕಾಗಿ ವಿಜ್ಞಾನಿಗಳು ಕೆಜಿಎಫ್‌ಗೆ ಬಂದರು. ಆಕಾಶದಿಂದ ಸುರಿಯುವ ವಿಶ್ವಕಿರಣಗಳನ್ನು ತಡೆಯಲು ಅಷ್ಟು ದಪ್ಪದ ಚಾವಣಿ ಬೇರೆಲ್ಲೂ ಸುಲಭಕ್ಕೆ ಸಿಗುತ್ತಿರಲಿಲ್ಲ. ನಮ್ಮ ನಂಜನಗೂಡಿನ ಬಿ. ವಿ. ಶ್ರೀಕಂಠನ್ 1950ರ ದಶಕದಲ್ಲೇ ಉಪಕರಣ ಹೊತ್ತು ಈ ಗಣಿಗೆ ಇಳಿದವರು. 1965ರಲ್ಲಿ, ಎರಡು ಕಿಲೋಮೀಟರಿಗೂ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕ ಮತ್ತು ಇಂಗ್ಲೆಂಡಿನ ಡರಮ್‌ನ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಎಂಬ ಕಣಗಳ ಗುರುತನ್ನು ಹಿಡಿದರು. ಜಗತ್ತಿನಲ್ಲಿ ಅಂಥ ಮೊದಲ ದಾಖಲೆಗಳಲ್ಲಿ ಅದೊಂದು.

ನ್ಯೂಟ್ರಿನೊಗೂ ಇವತ್ತಿನ ವಿಷಯಕ್ಕೂ ಏನು ನಂಟು? ದೊಡ್ಡ ನಕ್ಷತ್ರ ಸಾಯುವಾಗ ಮೊದಲು ಕುಸಿಯುತ್ತದೆ. ಉರುವಲು ಮುಗಿದ ಅದರ ತಿರುಳಿಗೆ ತನ್ನ ಭಾರ ಹೊರುವ ಒತ್ತಡ ಇರುವುದಿಲ್ಲ, ಆವಿ ನೀರಾದಮೇಲೆ ಈ ಡಬ್ಬಕ್ಕೆ ಇಲ್ಲದಂತೆ. ಸೂರ್ಯನಿಗಿಂತ ಹೆಚ್ಚು ತೂಗುವ, ಭೂಮಿಯಷ್ಟು ದೊಡ್ಡ ತಿರುಳು ಒಂದು ಸೆಕೆಂಡಿನೊಳಗೆ ಕುಸಿದು, ಕೊನೆಗೆ ಕೋಲಾರಕ್ಕೂ ಕೆಜಿಎಫ್‌ಗೂ ನಡುವೆ ಹಿಡಿಸುವಷ್ಟು ಚಿಕ್ಕದಾಗುತ್ತದೆ. ಆ ಕುಸಿತದ ಶಕ್ತಿಯಲ್ಲಿ ನೂರಕ್ಕೆ ಸುಮಾರು 99 ಪಾಲು ನ್ಯೂಟ್ರಿನೊಗಳ ರೂಪದಲ್ಲಿ ಹೋಗಿಬಿಡುತ್ತದೆ. ನಾವು ಸೂಪರ್‌ನೋವಾ ಎಂದು ಬೆರಗಾಗುವ ಬೆಳಕು ಉಳಿದ ಒಂದು ಪಾಲಿನಲ್ಲೂ ಒಂದು ಚೂರು. 1987ರ ಫೆಬ್ರವರಿ 23ರಂದು, 1,68,000 ಜ್ಯೋತಿರ್ವರ್ಷ ದೂರದ ಅಂಥ ಒಂದು ಸಾವಿನ ಸುಮಾರು ಎರಡು ಡಜನ್ ನ್ಯೂಟ್ರಿನೊಗಳು ನೆಲದಡಿಯ ಪತ್ತೆಯಂತ್ರಗಳಿಗೆ ಸಿಕ್ಕವು. ಅವುಗಳಲ್ಲೊಂದು, ಜಪಾನಿನ ಕಮಿಯೊಕದ್ದು, ಇದ್ದದ್ದೂ ಗಣಿಯಲ್ಲೇ. ಬೆಳಕು ಆ ನ್ಯೂಟ್ರಿನೊಗಳ ಹಿಂದೆ, ಕೆಲವು ಗಂಟೆ ತಡವಾಗಿ ಬಂತು. ಕುಸಿತದ ಸುದ್ದಿ ಮೊದಲು, ಸಿಡಿತದ ಸುದ್ದಿ ಆಮೇಲೆ.

ಇಷ್ಟು ಹೇಳಿ ಮುಗಿಸುತ್ತೇನೆ. ಕೆಜಿಎಫ್ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಚಿಕ್ಕಪ್ಪನೂ ಇಲ್ಲ. ಡೈನಮೈಟಿಗೆ ಟೈಮ್ ಇರುತ್ತೆ ಎಂದ ಅವರು ಭೌತವಿಜ್ಞಾನ ಓದಿದವರಲ್ಲ. ಆದರೆ ಹೊತ್ತಿಸಿದ ಸಿಡಿತಕ್ಕಿಂತ, ದಿನದಿನವೂ ಸದ್ದಿಲ್ಲದೆ ಏರುವ ಭಾರಕ್ಕೆ ಹೆಚ್ಚು ಹೆದರಬೇಕು ಎಂದು ಅವರಿಗೆ ಗೊತ್ತಿತ್ತು. ಆ ಮಧ್ಯಾಹ್ನ ಬಾಗಿಲಲ್ಲಿ ನಿಂತ ಹೆಂಗಸರಿಗೂ ಗೊತ್ತಿತ್ತು.

ದತ್ತಿ ಇಟ್ಟ ಮೇಷ್ಟರ ಮೊಮ್ಮಗಳು ಆಗಿನಿಂದ ಈ ಡಬ್ಬದ ಮೇಲೆ ಕಣ್ಣಿಟ್ಟಿದ್ದಾಳೆ. ತಗೋ ಮಗು. ಬಿರಡೆ ತೆಗೆಯುವಾಗ ಕಿವಿ ಹತ್ತಿರ ಹಿಡಿ. ಉಸ್ಸೆಂದು ಗಾಳಿ ಒಳಗೆ ಹೋಗುತ್ತದೆ. ಆದರೆ ಡಬ್ಬ ನೆಟ್ಟಗಾಗುವುದಿಲ್ಲ.